ಬರೆದದ್ದಕ್ಕೂ ಒಂದು ಬಿಡ್ತು

ಮನುಷ್ಯನ ಬಾಳು ಷರತ್ತುಗಳ ಮೇಲೆ ನಿಂತಿದೆ. ಷರತ್ತಿಲ್ಲದ ಸುಖವೂ ಇಲ್ಲ, ಷರತ್ತಿಲ್ಲದ ದುಃಖವೂ ಇಲ್ಲ. ಈ ಮಾತನ್ನು ನಾನು ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ, ಪ್ರತಿ ವರ್ಷವೂ ಒಂಬತ್ತನೇ ತರಗತಿಗೆ, ಕೈ ಹಿಂದೆ ಕಟ್ಟಿಕೊಂಡು ಹೇಳಿದ್ದೇನೆ. ಹೇಳುತ್ತಿದ್ದುದಕ್ಕೆ ಕಾರಣ ತತ್ತ್ವಚಿಂತನೆಯಲ್ಲ. ಇಂಗ್ಲಿಷಿನ 'ಇಫ್' ಪಾಠ ಮುಗಿದ ಮೇಲೂ ಬೆಲ್ಲಿಗೆ ಆರೇಳು ನಿಮಿಷ ಉಳಿಯುತ್ತಿತ್ತು.

ನಿವೃತ್ತನಾದ ದಿನ ಮನೆಗೆ ಬಂದು, ಇನ್ನು ಮುಂದೆ ಯಾರ ವಾಕ್ಯವನ್ನೂ ತಿದ್ದುವುದಿಲ್ಲ ಎಂದು ಹೆಂಡತಿಯ ಮುಂದೆ ಪ್ರತಿಜ್ಞೆ ಮಾಡಿದೆ. ಆಕೆ "ನೋಡೋಣ" ಎಂದಳು. ಆಕೆಯದು ಯಾವಾಗಲೂ ಸರಳ ವಾಕ್ಯ.

ಪ್ರತಿಜ್ಞೆ ಎಂಟು ತಿಂಗಳು ಬಾಳಿತು. ಒಂದು ಬೆಳಿಗ್ಗೆ ಹಳೇಬೀಡಿನಿಂದ ಹಿರಿಯರೊಬ್ಬರು ಬಂದು ನಮ್ಮ ಜಗಲಿಯ ಮೇಲೆ ಕುಳಿತರು. ನಲವತ್ತು ವರ್ಷ ಅಲ್ಲಿನ ದೇವಸ್ಥಾನದಲ್ಲಿ ಪ್ರವಾಸಿಗಳಿಗೆ ಗೈಡ್ ಆಗಿದ್ದವರು. ಶಾಲೆಯ ಮಕ್ಕಳನ್ನು ಟೂರಿಗೆ ಕರೆದೊಯ್ದಾಗಲೆಲ್ಲ ಅವರ ವಿವರಣೆ ಕೇಳಿಸಿಕೊಂಡು ನನಗೂ ಅರ್ಧ ಬಾಯಿಪಾಠವಾಗಿತ್ತು. ಈಗ ಮಂಡಿ ಹೋಗಿ, ಗಂಟಲೊಂದು ಉಳಿದಿತ್ತು.

"ಮೇಷ್ಟ್ರೇ, ನಮ್ಮ ಹುಡುಗಿಗೆ ಒಂಚೂರು ಇಂಗ್ಲಿಷು ತಿದ್ದಿಕೊಡಬೇಕು."

"ಎಷ್ಟನೇ ಕ್ಲಾಸು?"

"ಅವಳ ಮಗಳೇ ಪಿಯುಸಿ, ಮೇಷ್ಟ್ರೇ."

ಹುಡುಗಿಗೆ ನಲವತ್ತೊಂದು ವರ್ಷ. ಹನ್ನೆರಡು ವರ್ಷ ಅಪ್ಪನ ಪಕ್ಕದಲ್ಲಿ ನಿಂತು, ಅಪ್ಪ ಮರೆತದ್ದನ್ನು ನೆನಪಿಸುತ್ತಾ, ಕೊನೆಗೆ ಅಪ್ಪ ಸುಮ್ಮನೆ ನಿಂತು ತಾನೇ ಹೇಳುತ್ತಾ ಬಂದವಳು. ಈಗ ನಿಯಮ ಬಿಗಿಯಾಗಿತ್ತು. ಗೈಡ್ ಕಾರ್ಡು ಇಲ್ಲದವರು ಪ್ರವಾಸಿಗಳನ್ನು ಕರೆದುಕೊಂಡು ಗೇಟು ದಾಟುವಂತಿಲ್ಲ. ಕಾರ್ಡು ಅಪ್ಪನ ಹೆಸರಿನಲ್ಲಿತ್ತು, ಮೆಟ್ಟಿಲು ಹತ್ತುವ ಕಾಲು ಮಗಳಿಗಿತ್ತು. ಆಕೆಗೆ ಸ್ವಂತ ಕಾರ್ಡು ಬೇಕೆಂದರೆ ಎರಡು ಪರೀಕ್ಷೆ, ಒಂದು ಬಾಯಿಮಾತಿನದು, ಇನ್ನೊಂದು ಇಂಗ್ಲಿಷಿನಲ್ಲಿ ಬರೆಯುವುದು. ಬಾಯಿಮಾತಿನದನ್ನು ಗೆದ್ದಾಗಿತ್ತು. ಬರೆಯುವುದರಲ್ಲಿ ಒಮ್ಮೆ ಫೇಲಾಗಿತ್ತು.

"ಇನ್ನೊಂದೇ ಸಲ ಕೂರಬಹುದಂತೆ. ಅದೂ..." ಎಂದು ಅವರು ನಿಲ್ಲಿಸಿದರು. ವಾಕ್ಯ ಪೂರ್ತಿ ಮಾಡಲಿಲ್ಲ. ವಯಸ್ಸಾದವರು, ಮುಂದಿನದು ಮರೆತಿರಬೇಕು ಎಂದುಕೊಂಡೆ. ಅದು ಮರೆವಲ್ಲ ಎಂದು ಆಮೇಲೆ ಗೊತ್ತಾಯಿತು.

ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಭಾನುವಾರದ ಬಸ್ಸಿಗೆ ಪ್ರತ್ಯೇಕ ಅಧ್ಯಾಯವೇ ಬೇಕು. ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ ಗಂಡಸರಿಗೆ ಸೀಟು ಇಲ್ಲವೆಂದಾಗಿದೆ. ಇದನ್ನು ದೂರು ಎಂದು ಹೇಳುತ್ತಿಲ್ಲ, ಕಾರ್ಯಕಾರಣ ಸಂಬಂಧದ ಉದಾಹರಣೆಯೆಂದು ಹೇಳುತ್ತಿದ್ದೇನೆ. ಮೊದಲ ಭಾನುವಾರವೇ ಕಂಬಿ ಹಿಡಿದು ಜೋಲಿ ಹೊಡೆಯುತ್ತಿದ್ದ ನನ್ನನ್ನು ನೋಡಿ ಒಬ್ಬ ಹೆಂಗಸು ಕರೆದಳು. "ಬನ್ನಿ ಸಾಮಿ, ಈ ಮೂಟೆ ಮ್ಯಾಲೆ ಕುಂತ್ಕಳಿ. ಕೊಬ್ರಿ ಐತೆ, ಏನೂ ಆಗಾಕಿಲ್ಲ." ಅಲ್ಲಿಂದ ಮುಂದೆ ಹಲವು ಭಾನುವಾರ ನಾನು ಕೊಬ್ಬರಿ ಮೂಟೆಗಳ ಮೇಲೆ ಆಸೀನನಾಗಿ ಕ್ರಿಯಾವಿಶೇಷಣ ಉಪವಾಕ್ಯಗಳನ್ನು ಮನನ ಮಾಡಿದ್ದೇನೆ. ಜಾವಗಲ್‌ನಲ್ಲಿ ಡ್ರೈವರ್ ಟೀ ಕುಡಿಯಲು ಇಳಿದರೆ ಉಪವಾಕ್ಯಗಳೆಲ್ಲ ಒಂದು ಸುತ್ತು ಮುಗಿಯುತ್ತಿದ್ದವು.

ನಲವತ್ತೊಂದರ ಆ ಹುಡುಗಿಯ ಇಂಗ್ಲಿಷು ಮಾತಿನಲ್ಲಿ ಸೊಗಸಾಗಿತ್ತು. "ದೀಸ್ ಆರ್ ಎಲಿಫೆಂಟ್ಸ್. ದೇ ಆರ್ ಸ್ಟ್ರಾಂಗ್. ದೇ ಆರ್ ಅಟ್ ದಿ ಬಾಟಮ್. ಲಯನ್ಸ್ ಆರ್ ಅಬೊವ್." ಹೀಗೆ ಚಿಕ್ಕ ಚಿಕ್ಕ ವಾಕ್ಯಗಳು, ಒಂದರ ಹಿಂದೆ ಒಂದು, ಗೋಡೆಯ ಮೇಲಿನ ಆನೆಗಳ ಸಾಲಿನ ಹಾಗೆಯೇ. ಆದರೆ ಹೇಳುವಾಗ ಆಕೆಯ ಕೈ ಕೆಳಗಿನ ಆನೆಯಿಂದ ಮೇಲಿನ ಗೋಡೆಯವರೆಗೆ ಏರುತ್ತಿತ್ತು. ಅಷ್ಟೂ ಭಾರ ಹೊರಬೇಕಾದ್ದರಿಂದಲೇ ಆನೆಯನ್ನು ಅಡಿಯಲ್ಲಿ ಇಟ್ಟಿದ್ದಾರೆ ಎಂದು ಆ ಕೈ ಹೇಳುತ್ತಿತ್ತು. ಕಾರಣ, ಕಾಲ, ಉದ್ದೇಶ, ಎಲ್ಲವೂ ಕೈಯಲ್ಲಿತ್ತು. ಕಾಗದದ ಮೇಲೆ ಕೈಗೆ ಜಾಗವಿಲ್ಲ. ಅಲ್ಲಿ ಆನೆ ಬೇರೆ, ಸಿಂಹ ಬೇರೆ, ಒಂದಕ್ಕೊಂದು ಸಂಬಂಧವಿಲ್ಲದೆ ನಿಂತಿದ್ದವು.

ಪಾಠ ಅವರ ಮನೆಯ ಜಗಲಿಯಲ್ಲಿ. ಅಪ್ಪ ಗೋಡೆಗೊರಗಿ ಕಾಲು ಚಾಚಿ ಕುಳಿತು, ಅಧ್ಯಕ್ಷತೆ ವಹಿಸುತ್ತಿದ್ದರು. 'ಬಿಕಾಸ್' ಒಂದೇ ವಾರದಲ್ಲಿ ಬಂತು, ಆನೆಗಳ ದಯೆ. 'ವೆನ್' ಎರಡನೇ ವಾರ. ಸ್ವಂತ ವಾಕ್ಯ ಬರೆ ಎಂದರೆ ಆಕೆ ಹೀಗೆ ಬರೆದಳು: "ವೆನ್ ದಿ ಈವ್ನಿಂಗ್ ಸನ್ ಟಚಸ್ ದಿ ವಾಲ್, ದಿ ಸ್ಟೋನ್ ಬಿಕಮ್ಸ್ ಲೈಕ್ ಓಲ್ಡ್ ಜಾಗರಿ." ಸಂಜೆಯ ಬಿಸಿಲು ಗೋಡೆ ಮುಟ್ಟಿದಾಗ ಕಲ್ಲು ಹಳೇ ಬೆಲ್ಲದ ಹಾಗಾಗುತ್ತದೆ. ಮೂವತ್ತನಾಲ್ಕು ವರ್ಷದಲ್ಲಿ ನನ್ನ ವಿದ್ಯಾರ್ಥಿಗಳು 'ವೆನ್' ಹಾಕಿ ಬರೆದ ವಾಕ್ಯಗಳಲ್ಲಿ ಬೆಲ್ಲು ಹೊಡೆದಿತ್ತು, ಮಕ್ಕಳು ಮನೆಗೆ ಓಡಿದ್ದರು, ಅಷ್ಟೇ. ನಾನು ಕೆಂಪು ಪೆನ್ನಿನ ಮುಚ್ಚಳ ಹಾಕಿದೆ.

ಮೂರನೇ ವಾರ 'ಇಫ್'. ಹಳೆಯ ನೋಟ್ಸು ತೆಗೆದು, ಹಳೆಯ ಗಾಂಭೀರ್ಯದಿಂದ, ಮೊದಲ ಉದಾಹರಣೆ ಹೇಳಿದೆ: ಮಳೆ ಕೈಕೊಟ್ಟರೆ ಬೆಳೆ ಒಣಗುತ್ತದೆ. ಆಕೆ ಪೆನ್ನು ಕೆಳಗಿಟ್ಟಳು.

"ಬಿಡ್ತು ಅನ್ನಿ, ಮೇಷ್ಟ್ರೇ!"

"ಏನಂತೇ?" ಎಂದರು ಅಪ್ಪ, ಅರೆನಿದ್ದೆಯಿಂದ.

"ಮಳೆ ಬರಲ್ವಂತೆ, ಅಪ್ಪ."

"ಯಾರಂದದ್ದು?"

"ಮೇಷ್ಟ್ರು."

"ಬಿಡ್ತು ಅನ್ನಿಸು ಮೊದ್ಲು."

ನಾನು ಬಿಡ್ತು ಎಂದೆ. ನಮ್ಮಮ್ಮನ ಕಾಲದಿಂದಲೂ ಗೊತ್ತಿರುವ ಪದ್ಧತಿಯೇ. ಕೆಟ್ಟದ್ದನ್ನು ಬಾಯಲ್ಲಿ ಆಡಿದರೆ, ಮೇಲೆ ಸಂಚಾರ ಹೊರಟ ಅಶ್ವಿನಿ ದೇವತೆಗಳು ಕೇಳಿಸಿಕೊಂಡು ಅಸ್ತು ಅಂದುಬಿಡುತ್ತಾರೆ. ಅವರು ಅನ್ನುವಷ್ಟರಲ್ಲಿ ನಾವು ಬಿಡ್ತು ಅನ್ನಬೇಕು. ಎರಡನೇ ಉದಾಹರಣೆಗೆ ಹೋದೆ. ಓದದಿದ್ದರೆ ಫೇಲಾಗುತ್ತೀಯೆ. "ಬಿಡ್ತು ಅನ್ನಿ!" ಮೂರನೆಯದು ಹೇಳುವ ಮೊದಲು ನಾನೇ ಒಮ್ಮೆ ನೋಡಿದೆ. ವೈದ್ಯರು ಬರುವ ಮುಂಚೆಯೇ ರೋಗಿ ಸತ್ತಿದ್ದ. ಪುಟ ತಿರುವಿದೆ. ದೋಣಿ ಮುಳುಗಿತ್ತು, ರೈಲು ತಪ್ಪಿತ್ತು, ಮುದುಕನಿಗೆ ಕಣ್ಣು ಹೋಗಿತ್ತು. ವ್ಯಾಕರಣದ ಹೆಸರಿನಲ್ಲಿ ನಾನು ಕೊಂದ ರೋಗಿಗಳನ್ನು ಆವತ್ತೇ ಮೊದಲ ಸಲ ಸಾಲಾಗಿ ಕಂಡೆ. ಒಬ್ಬನಾದರೂ ಗುಣವಾಗಿ ಮನೆಗೆ ಹೋದ ದಾಖಲೆಯಿಲ್ಲ.

"ಇಂಗ್ಲಿಷಿನಲ್ಲಿ ಹೇಳಿದ್ದಮ್ಮ, ದೇವತೆಗಳಿಗೆ ಎಲ್ಲಿ ಅರ್ಥವಾಗುತ್ತೆ?" ಎಂದೆ.

"ನಲವತ್ತು ವರ್ಷ ಇದೇ ಊರಲ್ಲಿ ಅಪ್ಪನ ಇಂಗ್ಲಿಷು ಕೇಳಿಸ್ಕೊಂಡಿದಾರೆ. ಕಲ್ತಿರ್ತಾರೆ ಬಿಡಿ."

ಆಮೇಲೆ ಆಕೆ ನಗದೆ ಒಂದು ಸಂಗತಿ ಹೇಳಿದಳು. ಏಳನೇ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ರಜಾ ಅರ್ಜಿ ಬರೆಸಿದ್ದರು. ನನ್ನ ತಂದೆಗೆ ಜ್ವರ ಬಂದಿರುವುದರಿಂದ ಎರಡು ದಿನ ರಜೆ ಬೇಕು ಎಂದು. ಬರೀ ಅಭ್ಯಾಸಕ್ಕೆ. "ಬರೆದ ಮೂರನೇ ದಿನಕ್ಕೆ ಇವರಿಗೆ ಟೈಫಾಯ್ಡು."

"ಇಪ್ಪತ್ತೊಂದು ದಿನ ಗಂಜಿ," ಎಂದರು ಅಪ್ಪ ಹೆಮ್ಮೆಯಿಂದ. "ತಲೆಕೂದಲೆಲ್ಲ ಉದುರಿತ್ತು ಮೇಷ್ಟ್ರೇ."

"ಬಾಯಲ್ಲಿ ಅಂದದ್ದಕ್ಕೆ ಬಿಡ್ತು ಇದೆ," ಎಂದಳು ಆಕೆ. "ಬರೆದದ್ದು ಹಂಗೇ ಕೂತಿರುತ್ತಲ್ಲ. ಅದಕ್ಕೆ ಏನು ಮಾಡೋದು?"

ಅದೇ ಅರ್ಜಿಯನ್ನು ನಾನೂ ಪ್ರತಿ ಜೂನ್‌ನಲ್ಲಿ ಬರೆಸಿದ್ದೆ, ಅಲ್ಪವಿರಾಮ ಎಲ್ಲಿ ಎಂದು ಒತ್ತಿ ಹೇಳಿ. ಅರಸೀಕೆರೆ ತಾಲ್ಲೂಕಿನ ಅಷ್ಟೂ ಅಪ್ಪಂದಿರ ಜ್ವರಕ್ಕೆ ನಾನು ಹೊಣೆಯಾಗಿರಬಹುದೇ ಎಂಬ ಯೋಚನೆ ವಾಪಸು ಬರುವ ಬಸ್ಸಿನಲ್ಲಿ ಜಾವಗಲ್‌ವರೆಗೂ ಬಿಡಲಿಲ್ಲ.

ಸರಿ, ಶುಭವಾದ ಷರತ್ತುಗಳನ್ನೇ ಕೊಟ್ಟೆ. ನೆಂಟರು ಬಂದರೆ ಪಾಯಸ ಮಾಡುತ್ತೇನೆ. ಮಗಳು ಪಾಸಾದರೆ ಸೀರೆ ಕೊಡಿಸುತ್ತೇನೆ. ಆಕೆ ಪುಟಗಟ್ಟಲೆ ಬರೆದಳು. ಆ ನೋಟ್‌ಬುಕ್ಕಿನಲ್ಲಿ ಕೆರೆಗಳು ತುಂಬಿ ಹರಿದವು, ಮದುವೆಗಳು ಕೂಡಿಬಂದವು. ಅಷ್ಟರಲ್ಲಿ ಹಿಂದಿನ ಸಲದ ಪ್ರಶ್ನೆಪತ್ರಿಕೆಯನ್ನು ಯಾರಿಂದಲೋ ಸಂಪಾದಿಸಿದೆ. ಕೊನೆಯ ಪ್ರಶ್ನೆ, ಎಲ್ಲಕ್ಕಿಂತ ಹೆಚ್ಚು ಅಂಕದ್ದು: ಪ್ರವಾಸಿಯೊಬ್ಬರು ಮೆಟ್ಟಿಲಿನಿಂದ ಜಾರಿ ಬಿದ್ದರೆ ಮಾರ್ಗದರ್ಶಿಯಾಗಿ ನೀವು ಏನೇನು ಮಾಡುತ್ತೀರಿ? ಇಂಥದ್ದೊಂದು ಪ್ರತಿ ಸಲವೂ ಇರುತ್ತದಂತೆ.

"ಹೋದ ಸಲ ಇದಕ್ಕೆ ಏನು ಬರೆದೆ?"

"ಖಾಲಿ ಬಿಟ್ಟೆ."

"ಉತ್ತರ ಗೊತ್ತಿರಲಿಲ್ವಾ?"

"ಗೊತ್ತಿತ್ತು ಮೇಷ್ಟ್ರೇ. ಬೇರೆ ಗೈಡುಗಳ ಕಡೆಯೋರಿಗೆ ಎಷ್ಟೋ ಸಲ ಮಾಡಿದೀನಿ. ನೀರು, ನೆರಳು, ಆಟೋ, ಆಸ್ಪತ್ರೆ. ಆದ್ರೆ ನಮ್ಮನ್ನ ನಂಬಿ ಬಂದೋರು ಬೀಳ್ತಾರೆ ಅಂತ ನನ್ನ ಕೈಯಾರ ಹೆಂಗೆ ಬರೀಲಿ?"

"ನಲವತ್ತು ವರ್ಷದಲ್ಲಿ ನನ್ನ ಕೈಲಿ ಒಬ್ಬನೂ ಬಿದ್ದಿಲ್ಲ," ಎಂದರು ಅಪ್ಪ. "ಯಾಕೆ? ಬೀಳ್ತಾರೆ ಅಂತ ನಾನು ಅಂದೇ ಇಲ್ಲ."

ಫೇಲಾದದ್ದು ಇಂಗ್ಲಿಷಿನಿಂದಲ್ಲ ಎಂದು ಆಗ ತಿಳಿಯಿತು. ತಿಳಿದದ್ದರಿಂದ ನನಗೆ ಸಂತೋಷವೇನೂ ಆಗಲಿಲ್ಲ. ಇಂಗ್ಲಿಷಾಗಿದ್ದರೆ ನನ್ನ ಹತ್ತಿರ ಔಷಧವಿತ್ತು.

ದಾರಿ ಕಂಡುಹಿಡಿದವರು ಅಪ್ಪ. ಎರಡು ದಿನ ಯೋಚಿಸಿ, ಶಾಸ್ತ್ರ ನೋಡಿದವರ ಧಾಟಿಯಲ್ಲಿ ತೀರ್ಪು ಕೊಟ್ಟರಂತೆ: "ಅಂದದ್ದಕ್ಕೆ ಅಂದು ಬಿಡ್ತು, ಬರೆದದ್ದಕ್ಕೆ ಬರೆದು ಬಿಡ್ತು." ಅಂದಿನಿಂದ ಆಕೆಯ ಕೈ ಓಡಿತು. ಇಂಗ್ಲಿಷಿನಲ್ಲಿ ಪ್ರವಾಸಿ ಬಿದ್ದರೆ, ಪಕ್ಕದ ಅಂಚಿನಲ್ಲಿ ಕನ್ನಡದಲ್ಲಿ ಪೆನ್ಸಿಲಿನ ಬಿಡ್ತು. ಮಕ್ಕಳು ತಪ್ಪಿಸಿಕೊಂಡರೆ ಬಿಡ್ತು. ಜೇನು ಎದ್ದರೆ ಎರಡು ಬಿಡ್ತು, ಜೇನು ಒಂದಲ್ಲವಾದ್ದರಿಂದ. ವಾಕ್ಯಗಳು ಗಟ್ಟಿಯಾದವು, ಉಪವಾಕ್ಯಗಳು ಪ್ರಧಾನ ವಾಕ್ಯಕ್ಕೆ ಸರಿಯಾಗಿ ಒರಗಿ ನಿಂತವು. ನಾನು ತಿದ್ದುವಾಗ ಅಂಚನ್ನು ನೋಡದ ಹಾಗೆ ಇದ್ದೆ. ಇಳಿವಯಸ್ಸಿನಲ್ಲಿ ಒಂದು ವಿದ್ಯೆ ಫಲಿಸಿತಲ್ಲ ಎಂದು ಒಂದು ವಾರ ಸಮಾಧಾನವಾಗಿಯೂ ಇದ್ದೆ.

ಆಮೇಲೆ ಹಾಲ್ ಟಿಕೆಟ್ ಬಂತು. ಕೇಂದ್ರ ಬೇಲೂರಿನ ಒಂದು ಕಾಲೇಜು. ಹಿಂದಿನ ಪುಟದಲ್ಲಿ ಸೂಚನೆಗಳು. ಆರನೆಯದು: ಉತ್ತರಪತ್ರಿಕೆಯಲ್ಲಿ ಹೆಸರು, ದೇವರ ಹೆಸರು, ಗುರುತು ಅಥವಾ ಪ್ರಶ್ನೆಗೆ ಸಂಬಂಧಿಸದ ಯಾವುದೇ ಬರಹ ಕಂಡುಬಂದಲ್ಲಿ ಅಭ್ಯರ್ಥಿಯನ್ನು ಅನರ್ಹಗೊಳಿಸಲಾಗುವುದು. ಸರ್ಕಾರವೂ ಬೆದರಿಸುವುದು ಷರತ್ತಿನ ಉಪವಾಕ್ಯದಲ್ಲೇ ಎಂಬುದನ್ನು ಬೇರೆ ಸಂದರ್ಭದಲ್ಲಾಗಿದ್ದರೆ ತರಗತಿಗೆ ತೋರಿಸುತ್ತಿದ್ದೆ.

"ಮನಸ್ಸಿನಲ್ಲೇ ಹೇಳ್ಕೋ," ಎಂದೆ.

"ಮನಸ್ಸಿನಲ್ಲಿ ಅಂದ್ಕೊಂಡದ್ದಕ್ಕಾದ್ರೆ ಮನಸ್ಸಿನಲ್ಲಿ ಸಾಕು. ಬರೆದದ್ದಕ್ಕೆ ಬಾಯಲ್ಲಾದರೂ ಬೇಡ್ವಾ?"

"ಹಾಗಾದ್ರೆ ಬಾಯಲ್ಲೇ ಹೇಳು."

"ಹಾಲ್‌ನಲ್ಲಾ? ಹೋದ ಸಲ ಒಬ್ಬರು ಕೆಮ್ಮಿದ್ದಕ್ಕೇ ಮೇಲ್ವಿಚಾರಕರು ಬಂದು ತಲೆ ಮೇಲೆ ನಿಂತ್ರು."

ಆವತ್ತು ಬಸ್ಸಿನಲ್ಲಿ ಕೊಬ್ಬರಿ ಮೂಟೆಯೂ ಸಿಕ್ಕಿರಲಿಲ್ಲ. ಬಾಗಿಲ ಹತ್ತಿರ ನಿಂತು ಬಂದು ಸೊಂಟ ಹಿಡಿದಿತ್ತು. ಹದಿನಾಲ್ಕು ಭಾನುವಾರಗಳ ದಣಿವು ಒಟ್ಟಿಗೆ ಬಾಯಿಗೆ ಬಂತು.

"ಹಾಗಾದ್ರೆ ಈ ಸಲವೂ ಖಾಲಿ ಬಿಡು. ಫೇಲಾಗು. ಗೇಟಿನ ಹೊರಗೆ ಎಳನೀರಿನವನ ಪಕ್ಕ ನಿಂತ್ಕೊಂಡು, ಒಳಗೆ ಹೋಗೋರ ಬೆನ್ನು ನೋಡ್ತಾ ಇರು."

ಆಕೆ ತಲೆ ತಗ್ಗಿಸಿ ನೋಟ್‌ಬುಕ್ ಮುಚ್ಚಿದಳು. ಬಿಡ್ತು ಅನ್ನಿ ಎನ್ನಲಿಲ್ಲ. ಅಪ್ಪನೂ ಎನ್ನಲಿಲ್ಲ. ನಾನು ಕೊಡೆ ತೆಗೆದುಕೊಂಡು ಎದ್ದು ಬಂದೆ.

ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಇರಲಿಲ್ಲ. ಇದ್ದಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಸಿಮೆಂಟು ಬೆಂಚಿನ ಮೇಲೆ ಕುಳಿತೆ. ನಾನು ಅಂದದ್ದು ಕಿವಿಯಲ್ಲೇ ಇತ್ತು. ದೇವತೆಗಳಲ್ಲಿ ನನಗೆ ಅಂಥ ನಂಬಿಕೆಯೇನೂ ಇಲ್ಲ. ಆದರೂ ಅವರಲ್ಲೊಬ್ಬ ಕೆಲಸವಿಲ್ಲದವನು ಭಾನುವಾರ ಮಧ್ಯಾಹ್ನ ಆ ಕಡೆ ಹಾದುಹೋಗಿದ್ದರೆ ಎಂಬ ಯೋಚನೆ ಬಂತು. ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಬಿಡ್ತು" ಎಂದೆ. ಇನ್ನೊಮ್ಮೆ ಎಂದೆ. ಹಾಗೆ ಎನ್ನುತ್ತಿರುವಾಗಲೇ ಉಪಾಯ ಹೊಳೆಯಿತು. ಎದ್ದು ವಾಪಸು ಹೋದೆ.

ಆಕೆ ಜಗಲಿಯಲ್ಲೇ ಕುಳಿತಿದ್ದಳು. "ಬಸ್ಸು ಸಿಗಲಿಲ್ವಾ?" ಎಂದಳು.

"ನೀನು ಒಳಗೆ ಬರಿ. ನಾನು ಕಾಲೇಜಿನ ಹೊರಗೆ ಕೂತು ಬಿಡ್ತು ಹೇಳ್ತೀನಿ."

ಆಕೆ ಅಪ್ಪನ ಮುಖ ನೋಡಿದಳು. ಅಪ್ಪ ಕಣ್ಣು ಮುಚ್ಚಿ ಬೆರಳು ಮಡಿಸಿ ಏನೋ ಲೆಕ್ಕ ಹಾಕಿದರು. ವಿಷಯ ಸೂಕ್ಷ್ಮವಾದದ್ದು.

"ಕೆಟ್ಟದ್ದು ಆಡಿದೋರೇ ಬಿಡ್ತು ಅನ್ನಬೇಕು," ಎಂದರು ಕೊನೆಗೆ. "ಈ ಇಫ್ಫು ಗಿಫ್ಫು ಎಲ್ಲಾ ಮನೆಗೆ ತಂದೋರು ಮೇಷ್ಟ್ರೇ. ನ್ಯಾಯವಾಗಿ ಅವರೇ ಅನ್ನಬೇಕು. ನಡೆಯುತ್ತೆ."

"ಮನಸ್ಸಿನಲ್ಲಿ ಅಲ್ಲ," ಎಂದಳು ಆಕೆ. "ಕೇಳೋ ಹಾಗೆ."

"ಕೇಳೋ ಹಾಗೆ."

"ಕೊನೇ ಅರ್ಧ ಗಂಟೆ ಆ ಪ್ರಶ್ನೆ ಹಿಡೀತೀನಿ. ಹನ್ನೊಂದೂವರೆಯಿಂದ."

"ಹನ್ನೊಂದೂವರೆಯಿಂದ. ಆಗ ನಾನು ಅಂದದ್ದಕ್ಕೆ ಬಸ್‌ಸ್ಟ್ಯಾಂಡಿನಲ್ಲೇ ಬಿಡ್ತು ಹೇಳಿ ಬಂದಿದೀನಿ," ಎಂದೆ.

"ಎಷ್ಟು ಸಲ?"

"ಎರಡು."

"ಮೂರು ಮಾತು ಅಂದ್ರಿ ನೀವು," ಎಂದಳು. ಮೂರನೆಯದನ್ನು ಅಲ್ಲೇ ಹೇಳಿದೆ. ಆಮೇಲೆ ಕಾಫಿ ಕೊಟ್ಟಳು.

ಪರೀಕ್ಷೆಯ ದಿನ ಬೇಲೂರಿಗೆ ಹೋದೆ. ಆಕೆ ಪೆನ್ನು, ಹಾಲ್ ಟಿಕೆಟ್ಟು, ನೀರಿನ ಬಾಟಲಿ ಹಿಡಿದು ಒಳಗೆ ಹೋದಳು. ನಾನು ಕಾಂಪೌಂಡಿನ ಹೊರಗೆ ಹೊಂಗೆ ಮರದ ಕೆಳಗಿನ ಕಟ್ಟೆಯ ಮೇಲೆ ಕುಳಿತೆ. ಸೊಸೆಯನ್ನು ಪರೀಕ್ಷೆಗೆ ಕರೆತಂದಿದ್ದ ಬಾಣಾವರದ ಹಿರಿಯರೊಬ್ಬರು ಪಕ್ಕದಲ್ಲಿದ್ದರು. ತೆಂಗಿನ ವ್ಯಾಪಾರದವರು. ಹನ್ನೊಂದೂವರೆಯವರೆಗೆ ತೆಂಗಿನ ರೋಗಗಳ ಬಗ್ಗೆ ನನಗೆ ಸವಿಸ್ತಾರವಾಗಿ ತಿಳಿಸಿದರು. ಗಡಿಯಾರ ನೋಡಿ ನಾನು ಗಂಟಲು ಸರಿಮಾಡಿಕೊಂಡೆ.

"ಬಿಡ್ತು."

ಅವರು ರಸ್ತೆಯ ಕಡೆ ತಿರುಗಿದರು. "ಯಾವ ಬಸ್ಸು ಸಾರ್?"

"ಬಸ್ಸಲ್ಲ."

ಎರಡು ನಿಮಿಷ ಬಿಟ್ಟು ಮತ್ತೆ, "ಬಿಡ್ತು."

ಅವರು ಸ್ವಲ್ಪ ದೂರ ಸರಿದು ಕುಳಿತರು. ನಾಲ್ಕನೆಯದಕ್ಕೆ ತಡೆಯಲಾಗಲಿಲ್ಲ. "ಸಾರ್, ಮೈಗೆ ಸರಿ ಐತಾ? ಶುಗರ್ ಏನಾರ?"

ವಿಷಯ ಹೇಳದೆ ವಿಧಿಯಿರಲಿಲ್ಲ. ಹೇಳಿದೆ. ನಗುತ್ತಾರೆಂದು ಕಾದೆ. ಅವರು ನಗಲಿಲ್ಲ, ಗಂಭೀರವಾಗಿ ತಲೆಯಾಡಿಸಿದರು.

"ನೀವು ಇಂಗ್ಲೀಷ್ ಮೇಷ್ಟ್ರಾ?"

"ಹೌದು."

"ಹಂಗಾದ್ರೆ ನಮ್ ಸೊಸೇದೂ ಸೇರ್ಸ್ಕಂಡು ಅನ್ನಿ. ಅವ್ಳೂ ಒಳಗೆ ಏನೇನು ಬರೀತಾವ್ಳೋ."

ಹನ್ನೆರಡರ ಬೆಲ್ಲು ಹೊಡೆಯುವವರೆಗೆ ನನ್ನ ಸೇವೆ ಅವಿಚ್ಛಿನ್ನವಾಗಿ ನಡೆಯಿತು. ಮೂವತ್ತನಾಲ್ಕು ವರ್ಷ ಕಟ್ಟಿಕೊಂಡ ವಿದ್ಯೆಯ ಅಂತಿಮ ಪ್ರಯೋಜನ ಇದು ಎಂದು ಮನಸ್ಸಿನಲ್ಲಿ ಬಂತು. ಬಿಸಿಲು ಕಟ್ಟೆಯ ಅರ್ಧಕ್ಕೆ ಬಂದಿತ್ತು. ಬೇಸರವಾಗಲಿಲ್ಲ. ಬೇಸರಪಡುವುದಕ್ಕೂ ಸ್ವಲ್ಪ ಶಕ್ತಿ ಬೇಕು.

ಆಕೆ ಹೊರಗೆ ಬಂದಳು. ಬೆರಳಿಗೆ ಶಾಯಿ ಹತ್ತಿತ್ತು.

"ಬಂದಿತ್ತಾ?"

"ಬಂದಿತ್ತು. ಬಿಸಿಲಿಗೆ ತಲೆ ಸುತ್ತಿ ಬಿದ್ದರೆ, ಅಂತ." ಸ್ವರ ತಗ್ಗಿಸಿ ಹೇಳಿದಳು. "ಬರೆದೆ ಮೇಷ್ಟ್ರೇ. ಇಫ್ ಎ ಗೆಸ್ಟ್ ಫೇಂಟ್ಸ್, ಐ ವಿಲ್ ಟೇಕ್ ಹರ್ ಟು ದಿ ನಾರ್ತ್ ಸೈಡ್, ಬಿಕಾಸ್ ದಿ ಸ್ಟೋನ್ ಈಸ್ ಕೂಲ್ ದೇರ್ ಅಂಟಿಲ್ ನೂನ್."

ಉತ್ತರದ ಕಡೆ ಕರೆದುಕೊಂಡು ಹೋಗುತ್ತೇನೆ, ಏಕೆಂದರೆ ಅಲ್ಲಿ ಮಧ್ಯಾಹ್ನದವರೆಗೂ ಕಲ್ಲು ತಣ್ಣಗಿರುತ್ತದೆ. ಎರಡು ಉಪವಾಕ್ಯ, ಒಂದು ಪ್ರಧಾನ ವಾಕ್ಯ, ಮೂರೂ ತಮ್ಮ ಜಾಗದಲ್ಲಿ. ತಿದ್ದಲು ಏನೂ ಇರಲಿಲ್ಲ.

"ನೀವು ಎಷ್ಟು ಸಲ ಅಂದ್ರಿ?"

"ಹದಿನಾಲ್ಕು."

"ನಾನು ಕೆಟ್ಟದ್ದು ಬರೆದದ್ದು ಎಂಟೇ ವಾಕ್ಯ."

"ಉಳಿದ ಆರು?" ಎಂದು ಆಕೆಯೇ ಕೇಳಿದಳು.

ಬಾಣಾವರದವರು ತಮ್ಮ ಸೊಸೆ ಬರುವ ಬಾಗಿಲನ್ನೇ ನೋಡುತ್ತಾ, "ಅದು ನಮ್ದು," ಎಂದರು.

ಫಲಿತಾಂಶ ಏಳು ವಾರದ ಮೇಲೆ ಬಂತು. ಆಕೆ ಪಾಸಾದಳು. ಕಾರ್ಡು ಬಂದಿದೆ.